ಕೃಷ್ಣೆ ಪೂರ್ವಕ್ಕೇ ಏಕೆ ಹರಿಯುತ್ತಾಳೆ?

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಗಾಗಿ ಭಾರತದ ಪ್ರಾಕೃತಿಕ ವಿಭಾಗಗಳನ್ನು ಓದುತ್ತಿದ್ದೇನೆ. ಪರ್ವತ, ಪ್ರಸ್ಥಭೂಮಿ, ನದಿಗಳ ಹೆಸರುಗಳನ್ನು ಎಷ್ಟು ಬಾಯಿಪಾಠ ಮಾಡಿದರೂ ಕೆಲವೇ ದಿನಗಳಲ್ಲಿ ಎಲ್ಲವೂ ಕಲಸಿಹೋಗುತ್ತವೆ. ಪಶ್ಚಿಮ ಘಟ್ಟದಲ್ಲಿ ಹುಟ್ಟುವ ಕೃಷ್ಣೆ ಬಂಗಾಳ ಕೊಲ್ಲಿಯವರೆಗೆ ಹೋಗುವುದೇಕೆ ಎಂಬುದೂ ಅರ್ಥವಾಗಿಲ್ಲ. ಎಲ್ಲಿಂದ ಆರಂಭಿಸಲಿ?
– ಓದುಗರು, ಹಾವೇರಿ

ಉತ್ತರ: ಕೃಷ್ಣೆಯಿಂದಲೇ ಆರಂಭಿಸಿ. ಮಹಾಬಲೇಶ್ವರದ ಬಳಿ ಸುಮಾರು 1,337 ಮೀಟರ್ ಎತ್ತರದಲ್ಲಿ ಹುಟ್ಟುವ ಈ ನದಿ, ಅರಬ್ಬೀ ಸಮುದ್ರವು ಕೇವಲ 64 ಕಿ.ಮೀ. ದೂರದಲ್ಲಿದ್ದರೂ, ಸುಮಾರು 1,400 ಕಿ.ಮೀ. ಹರಿದು ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ದಖ್ಖನ್ ಪ್ರಸ್ಥಭೂಮಿ ಒಟ್ಟಾರೆ ಪೂರ್ವಕ್ಕೆ ವಾಲಿಕೊಂಡಿರುವುದೂ ಪಶ್ಚಿಮ ಘಟ್ಟವು ಅದರ ಎತ್ತರದ ಅಂಚಾಗಿರುವುದೂ ಇದಕ್ಕೆ ಕಾರಣ. ನಕ್ಷೆಯಲ್ಲಿ ಕಂದು ಬಣ್ಣದ ಪಟ್ಟಿಯಾಗಿ ಕಾಣುವ ಘಟ್ಟವನ್ನು ಹಿಮಾಲಯದಂತಹ ಪರ್ವತಶ್ರೇಣಿಯೆಂದೇ ಅನೇಕರು ಭಾವಿಸುತ್ತಾರೆ. ಆದರೆ ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ, ಸಕಲೇಶಪುರವೂ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ. ಮಂಗಳೂರಿಗೆ ಹೊರಟವರಿಗೆ ಘಟ್ಟ ಹತ್ತಿದ ಅನುಭವವೇ ಆಗದೆ, ಶಿರಾಡಿಯಲ್ಲಿ ಇಳಿಯುವುದಷ್ಟೇ ಅರಿವಿಗೆ ಬರುತ್ತದೆ. ಅಲ್ಲಿನ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ರೈಲುಮಾರ್ಗ ಸುಮಾರು 55 ಕಿ.ಮೀ. ಉದ್ದದಲ್ಲಿ 57 ಸುರಂಗಗಳನ್ನು ದಾಟಿ ಈ ಅಂಚನ್ನು ಇಳಿಯುತ್ತದೆ.

ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರ್ಪಟ್ಟಾಗ ಉಂಟಾದ ಸೀಳಿನ ಅಂಚು ಮೇಲೆದ್ದು, ಮಳೆ ಮತ್ತು ಹೊಳೆಗಳಿಂದ ಸವೆಯುತ್ತಾ ಒಳಕ್ಕೆ ಸರಿದು ಇಂದಿನ ಪಶ್ಚಿಮ ಘಟ್ಟದ ರೂಪ ಪಡೆದಿದೆಯೆಂಬುದು ಭೂವಿಜ್ಞಾನಿಗಳ ವಿವರಣೆ. ಬಾಬಾಬುಡನ್‌ಗಿರಿ, ಕುದುರೆಮುಖಗಳ ಮಾತು ಬೇರೆ. ಸುತ್ತಲಿನ ಮೆದು ಶಿಲೆ ಸವೆದುಹೋದರೂ ಅಲ್ಲಿನ ಕಬ್ಬಿಣಯುಕ್ತ ಗಟ್ಟಿ ಶಿಲೆ ಉಳಿದುಕೊಂಡದ್ದರಿಂದ ಅವು ತಲೆಯೆತ್ತಿ ನಿಂತಿವೆ.

ಹೀಗೆ ಕಾರಣ ಹಿಡಿದು ಹೊರಟರೆ ಹೆಸರುಗಳು ತಾವಾಗಿ ಜೊತೆಗೂಡುತ್ತವೆ. ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತದ ಭೂಫಲಕವು ಏಷ್ಯಾಕ್ಕೆ ಡಿಕ್ಕಿ ಹೊಡೆಯಿತು. ನಡುವಿದ್ದ ಟೆಥಿಸ್ ಸಮುದ್ರದ ಶಿಲೆಗಳು ಮಡಿಚಿಕೊಂಡು ಮೇಲೆದ್ದವು. ಎವರೆಸ್ಟ್ ಶಿಖರದ ತುದಿಯಲ್ಲಿ ಸಮುದ್ರದಡಿ ರೂಪುಗೊಂಡ ಸುಣ್ಣಕಲ್ಲು ಇರುವುದು ಹಾಗಾಗಿಯೇ. ಪರ್ವತದ ಭಾರಕ್ಕೆ ಅದರ ಬುಡದಲ್ಲಿ ಬಾಗಿದ ತಗ್ಗನ್ನು ನದಿಗಳ ಮೆಕ್ಕಲು ತುಂಬಿ ಗಂಗಾ ಮೈದಾನವಾಯಿತು. ಎಂದರೆ, ಪಠ್ಯದಲ್ಲಿ ಬೇರೆ ಬೇರೆ ಅಧ್ಯಾಯಗಳಾಗಿರುವ ಎರಡು ವಿಭಾಗಗಳ ಹಿಂದಿರುವುದು ಒಂದೇ ಘಟನೆ. ಇದಕ್ಕೆ ಹೋಲಿಸಿದರೆ ಪ್ರಸ್ಥಭೂಮಿಯ ತಳಪಾಯ ಬಲು ಹಳೆಯದು. ಬೆಂಗಳೂರಿನ ಲಾಲ್‌ಬಾಗ್ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಆ ತಳಪಾಯದ ವಾಯವ್ಯ ಭಾಗದ ಮೇಲೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಗಟ್ಟಿಯಾಗಿ, ಶಿಥಿಲಗೊಂಡು, ವಿಜಯಪುರ, ಕಲಬುರಗಿಗಳ ಎರೆಮಣ್ಣಾಗಿದೆ.

ಓದಿನ ಜೊತೆಗೆ ಕೈಕೆಲಸವೂ ಇರಲಿ. 1767ರಲ್ಲಿ ಸ್ಥಾಪನೆಯಾದ ಸರ್ವೆ ಆಫ್ ಇಂಡಿಯಾದ 1:50,000 ಪ್ರಮಾಣದ ನಕ್ಷೆಗಳಲ್ಲಿ, ಕುಮಟಾ–ಶಿರಸಿ ನಡುವಿನ ದೇವಿಮನೆ ಘಟ್ಟ ಇರುವ ಹಾಳೆಯನ್ನು ತೆಗೆದುಕೊಳ್ಳಿ. ಪಶ್ಚಿಮದಿಂದ ಪೂರ್ವಕ್ಕೆ ಒಂದು ಗೆರೆ ಎಳೆದು, ಅದರುದ್ದಕ್ಕೂ ಕಾಗದದ ಅಂಚನ್ನಿಟ್ಟು, ಸಮೋನ್ನತಿ ರೇಖೆಗಳು (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳು) ದಾಟುವ ಕಡೆಯಲ್ಲೆಲ್ಲ ಗುರುತು ಹಾಕಿ, ಆಯಾ ಎತ್ತರವನ್ನು ಗ್ರಾಫ್ ಹಾಳೆಯಲ್ಲಿ ನಮೂದಿಸಿ ಬಿಂದುಗಳನ್ನು ಜೋಡಿಸಿ. ರೇಖೆಗಳು ಒತ್ತೊತ್ತಾಗಿರುವ ಕಡೆ ನೆಲ ಕಡಿದಾಗಿರುತ್ತದೆ. ಈ ಪ್ರಮಾಣದಲ್ಲಿ 600 ಮೀಟರ್ ಎತ್ತರಕ್ಕೆ 1.2 ಸೆಂ.ಮೀ. ಮಾತ್ರ ಸಿಗುವುದರಿಂದ ಎತ್ತರದ ಅಳತೆಯನ್ನು ಐದು ಪಟ್ಟು ಹಿಗ್ಗಿಸಿಕೊಳ್ಳಿ, ಹಿಗ್ಗಿಸಿದ್ದನ್ನು ಚಿತ್ರದ ಕೆಳಗೆ ಬರೆಯಿರಿ. ಇಲ್ಲವಾದರೆ ಘಟ್ಟ ಗೋಡೆಯಂತೆ ನೆಟ್ಟಗಿದೆಯೆಂಬ ತಪ್ಪು ಕಲ್ಪನೆ ಮೂಡುತ್ತದೆ.

ಪ್ರಶ್ನೆ: ಹಾಗಾದರೆ ನರ್ಮದೆ, ತಾಪಿ ಪಶ್ಚಿಮಕ್ಕೆ ಹರಿಯುವುದೇಕೆ?
– ಓದುಗರು, ಬೀದರ್

ಉತ್ತರ: ಪ್ರಸ್ಥಭೂಮಿಯ ವಾಲು ಈ ನದಿಗಳ ದಿಕ್ಕನ್ನು ನಿರ್ಧರಿಸುವುದಿಲ್ಲ. ನೆಲವು ಸ್ತರಭಂಗಗಳ (ಶಿಲೆಗಳು ಬಿರಿದು ಜರುಗಿದ ಸೀಳುಗಳ) ನಡುವೆ ಕುಸಿದು ಉಂಟಾದ ಬಿರುಕು ಕಣಿವೆಗಳಲ್ಲಿ ಅವು ಹರಿಯುತ್ತವೆ. ನರ್ಮದೆಯ ಉತ್ತರಕ್ಕೆ ವಿಂಧ್ಯ, ದಕ್ಷಿಣಕ್ಕೆ ಸಾತ್ಪುರ. ಕಣಿವೆಯ ಇಳಿಜಾರು ಪಶ್ಚಿಮಕ್ಕಿರುವುದರಿಂದ ನೀರೂ ಅತ್ತಲೇ ಸಾಗುತ್ತದೆ. ಖಂಬಾತ್ ಕೊಲ್ಲಿಯ ಪ್ರಬಲ ಉಬ್ಬರವಿಳಿತಗಳು ಹೂಳನ್ನು ನಿಲ್ಲಗೊಡದ ಕಾರಣ, ಕೃಷ್ಣಾ ಗೋದಾವರಿಗಳಂತೆ ಇವು ಮುಖಜಭೂಮಿಯನ್ನು (ನದಿಯ ಬಾಯಲ್ಲಿ ಹೂಳಿನಿಂದಾಗುವ ನೆಲವನ್ನು) ಕಟ್ಟದೆ ಅಳಿವೆಗಳಾಗಿ ಸಮುದ್ರ ಸೇರುತ್ತವೆ.