ನೀಲ ಹಾಕಿಕೊಂಡೆ, ಕರೆಂಟ್ ಬಿಲ್ ಇಳಿಯಲಿಲ್ಲ

ಮೇಷ ರಾಶಿ, ಸಾಡೇಸಾತಿ ಶುರು, ಸಂಬಳ ಬಂದ ಹತ್ತು ದಿನಕ್ಕೆ ಖಾಲಿ. ಜಾತಕ ತೋರಿಸಲಾ, ಟ್ಯಾರೋ ಕಾರ್ಡ್ ಓದಿಸಲಾ, ಯಾವುದು ಜಾಸ್ತಿ ಸರಿ ಹೇಳುತ್ತೆ ಅಂತ ಕೇಳಿದ್ದೀರಿ. ಓದಿದ ಕೂಡಲೇ ನಗು ಬಂತು, ಆಮೇಲೆ ಹೊಟ್ಟೆ ಉರೀತು. ನಾನೂ ಮೇಷ. ಎರಡನ್ನೂ ಮಾಡಿಸಿದವಳು.

2025ರ ಮಾರ್ಚ್ 29ಕ್ಕೆ ಶನಿ ಮೀನಕ್ಕೆ ಬಂದ. ಮೀನ ಅಂದರೆ ಮೇಷದ ಹಿಂದಿನ ರಾಶಿ, ಅಲ್ಲಿಂದಲೇ ನಮಗೆ ಏಳೂವರೆ ವರ್ಷದ ಶನಿಕಾಟ, ಅದೇ ಸಾಡೇಸಾತಿ, ಶುರು ಅಂತಾರೆ. ಟೀವಿಯಲ್ಲಿ ವಾರಗಟ್ಟಲೆ ಅದೇ ಮಾತು. ಏಪ್ರಿಲ್‌ನಲ್ಲಿ ಮಿಕ್ಸಿ ಸುಟ್ಟುಹೋಯಿತು, ನಮ್ಮವರ ಗಾಡಿ ಎಂಜಿನ್ ಕೈಕೊಟ್ಟಿತು. ಅದರ ಮೇಲೆ ಕರೆಂಟ್ ಬಿಲ್. ನಮ್ಮನೆಗೆ ಗೃಹಜ್ಯೋತಿಯಲ್ಲಿ 176 ಯೂನಿಟ್‌ವರೆಗೆ ಉಚಿತ. ಒಂದೂವರೆ ವರ್ಷದಿಂದ ಬಿಲ್ ಸೊನ್ನೆ ಬರುತ್ತಿತ್ತು. ಆ ತಿಂಗಳು 222 ಯೂನಿಟ್. 200 ದಾಟಿದರೆ ಹೆಚ್ಚಾದ ಯೂನಿಟ್‌ಗಷ್ಟೇ ಅಲ್ಲ, ಪೂರ್ತಿ ಬಿಲ್ ಕಟ್ಟಬೇಕು ಅಲ್ವಾ? 1,700 ಚಿಲ್ಲರೆ ಬಂತು. ಮೇನಲ್ಲೂ ಅಷ್ಟೇ. ನಮ್ಮತ್ತೆ ಬಿಲ್ ಹಿಡಿದುಕೊಂಡು, "ಶನಿ ಕಾಲಿಟ್ಟ ತಿಂಗಳೇ ಶುರುವಾಯ್ತು ನೋಡು" ಅಂದರು. ತಾರೀಖು ನೋಡಿದರೆ ಹೌದು ಅನ್ನಿಸಿತು.

ಮೊದಲು ನಾದಿನಿ ಟ್ಯಾರೋ ಮಾಡಿಸಿದಳು. ವಿಡಿಯೋ ಕಾಲ್, ಅರ್ಧ ಗಂಟೆಗೆ 999 ರೂಪಾಯಿ. ಕಾರ್ಡ್ ಓದೋಳು ಮೂರು ಕಾರ್ಡ್ ತಿರುಗಿಸಿ, "ನಿಮ್ಮ ಮನೇಲಿ ಎನರ್ಜಿ ಎಲ್ಲೋ ಲೀಕ್ ಆಗ್ತಿದೆ" ಅಂದಳು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಆಮೇಲೆ ಅತ್ತೆಗೆ ಗೊತ್ತಿರೋ ಜ್ಯೋತಿಷಿಗಳ ಹತ್ತಿರ ಹೋದೆವು. ಅವರು ನೀಲದ ಉಂಗುರ, ಅಂದರೆ ಶನಿಗೆ ಅಂತ ಹಾಕೋ ನೀಲಿ ಹರಳಿನದು, ಹಾಕಲೇಬೇಕು, ಒಂದು ಶಾಂತಿ ಮಾಡಿಸಬೇಕು ಅಂದರು. ಅದೂ ಮೇ ಕೊನೆಯ ಶನಿ ಜಯಂತಿಯೊಳಗೆ. ಎರಡೂ ಸೇರಿ 70 ಸಾವಿರ.

ನಾನು ಮಾಡಿದ ತಪ್ಪು ಇಲ್ಲಿದೆ. ಸ್ವಲ್ಪ ಉದ್ದ ಆಗುತ್ತೆ, ಆದರೂ ಓದಿ. ಜ್ಯೋತಿಷಿ ಹತ್ತಿರ ಹೋಗಿದ್ದು ತಪ್ಪು ಅಂತ ನಮ್ಮವರು ಈಗಲೂ ಹೇಳುತ್ತಾರೆ. ಅಲ್ಲ. ಹೋಗಿ ಬಂದಿದ್ದರೆ ದಕ್ಷಿಣೆ 500 ರೂಪಾಯಿಗೆ ಮುಗೀತಿತ್ತು. ನನ್ನನ್ನು ಮುಳುಗಿಸಿದ್ದು ಚೀಟಿ.

ಏಪ್ರಿಲ್‌ನಲ್ಲಿ ಒಂದು ಚೀಟಿಗೆ ಸೇರಿದ್ದೆ. ಇಪ್ಪತ್ತು ಜನ, ತಿಂಗಳಿಗೆ 5,000, ಒಟ್ಟು ಒಂದು ಲಕ್ಷ. ತಿಂಗಳು ತಿಂಗಳು ಕೂಗು ಹಾಕ್ತಾರೆ, ಜಾಸ್ತಿ ದುಡ್ಡು ಬಿಟ್ಟುಕೊಡೋರಿಗೆ ಆ ತಿಂಗಳ ಚೀಟಿ. ಮಗನ ಪಿಯುಸಿಗೆ ಬೇಕಾಗುತ್ತೆ, ಕೊನೇಲಿ ಎತ್ತೋಣ ಅಂತ ಲೆಕ್ಕ. ಮೊದಲ ತಿಂಗಳು ನಡೆಸೋರು ತಗೊಂಡರು. ಎರಡನೇ ತಿಂಗಳು ನಾನು ಕೂಗಿದೆ. ಎರಡನೇ ತಿಂಗಳಲ್ಲಿ ಕೂಗೋರೆಲ್ಲ ಅವಸರದಲ್ಲಿರೋರೇ, ಬಿಡೋ ದುಡ್ಡು ಏರುತ್ತಾ ಹೋಗುತ್ತೆ. ನಾನು 30 ಸಾವಿರ ಬಿಟ್ಟು ಎತ್ತಿದೆ. ಕೈಗೆ ಬಂದಿದ್ದು 70 ಸಾವಿರ.

ಆ 30 ಸಾವಿರ ಎಲ್ಲಿ ಹೋಯಿತು ಗೊತ್ತಾ? ಐದು ಸಾವಿರ ನಡೆಸೋರ ಕಮಿಷನ್. ಉಳಿದ 25 ಸಾವಿರ ಇಪ್ಪತ್ತು ಜನಕ್ಕೆ ಹಂಚಿದರೆ ತಲೆಗೆ 1,250. ಅದರಲ್ಲಿ ಒಂದು ಪಾಲು ನನಗೇ ಬಂತು, ಅಷ್ಟೇ ಸಮಾಧಾನ. ಮಿಕ್ಕ ಹತ್ತೊಂಬತ್ತು ಮನೆಗೆ ನನ್ನ ಶನಿ ಹಬ್ಬ ಮಾಡಿಸಿದ. ಕೊನೆ ತಿಂಗಳು ಎತ್ತಿದ್ದರೆ 95 ಸಾವಿರ ಸಿಗುತ್ತಿತ್ತು. ಈಗ 70 ತಗೊಂಡು, ಪಾಲು ಕಳೆದು ತಿಂಗಳಿಗೆ ಸುಮಾರು 4,300 ಕಟ್ಟುತ್ತಿದ್ದೇನೆ. ಒಂದು ದಿನ ಕೂತು ಲೆಕ್ಕ ಹಾಕಿದೆ. ವರ್ಷಕ್ಕೆ ನೂರಕ್ಕೆ ಮೂವತ್ತರ ಹತ್ತಿರ ಬಡ್ಡಿ ಬೀಳುತ್ತೆ. ಬ್ಯಾಂಕಿನಲ್ಲಿ ಬಳೆ ಅಡ ಇಟ್ಟಿದ್ದರೆ ಅದರ ಅರ್ಧಕ್ಕಿಂತ ಕಡಿಮೆ ಆಗುತ್ತಿತ್ತು. ಚೀಟಿ ಕೆಟ್ಟದ್ದಲ್ಲ. ಕೊನೇಲಿ ಎತ್ತೋನಿಗೆ ಅದು ಉಳಿತಾಯ, ಮೊದಲೇ ಎತ್ತೋನಿಗೆ ಸಾಲ. ಉಳಿತಾಯ ಅಂತ ಸೇರಿ, ಒಂದು ತಾರೀಖಿಗೆ ಹೆದರಿ ಸಾಲ ಮಾಡಿಕೊಂಡೆ.

ಉಂಗುರಕ್ಕೆ 58 ಸಾವಿರ, ಶಾಂತಿಗೆ 12. ಶನಿವಾರ ಬೆಳಿಗ್ಗೆ ನಡುಬೆರಳಿಗೆ ಹಾಕಿಕೊಂಡೆ. ಜೂನ್ ಬಿಲ್ 219 ಯೂನಿಟ್.

ಶಾಲೆ ಶುರುವಾದ ಮೇಲೆ ಎಂಟನೇ ಕ್ಲಾಸಿನ ಮಗನಿಗೆ ವಿಜ್ಞಾನದ ಹೋಂವರ್ಕ್ ಕೊಟ್ಟರು. ಮನೆ ಮೀಟರ್ ಓದಿ ಹದಿನೈದು ದಿನ ಬರೆದುಕೊಂಡು ಬರಬೇಕು. ಅವನಿಗೆ ಇಂಥ ಹುಚ್ಚು ಮೊದಲೇ ಇತ್ತು. ಅತ್ತೆ ಶನಿ ಶನಿ ಅನ್ನೋವಾಗಲೇ, "ಅಜ್ಜಿ, ಇದೇ ಮಾರ್ಚ್‌ನಲ್ಲಿ ಶನಿಗೆ 128 ಹೊಸ ಚಂದ್ರ ಸಿಕ್ಕಿವೆ, ಒಟ್ಟು 274! ಅದರ ಬಳೆಯ ಅಂಚು ಮಾತ್ರ ಈಗ ನಮ್ಮ ಕಡೆ ತಿರುಗಿದೆ, ಟೆಲಿಸ್ಕೋಪಿನಲ್ಲೂ ಕಾಣೋದು ಕಷ್ಟವಂತೆ" ಅಂತಿದ್ದ. ಅತ್ತೆ, "ಬಳೆ ಕಾಣ್ದೇ ಇರೋದು ಅಪಶಕುನ ಕಣೋ" ಅಂದಿದ್ದರು.

ಹುಡುಗ ಮೀಟರ್ ಜೊತೆ ಬೋರ್ ಮೋಟರ್ ಸ್ವಿಚ್ ಪಕ್ಕಾನೂ ಒಂದು ನೋಟ್‌ಬುಕ್ ಕಟ್ಟಿದ. ಹಾಕಿದ ಹೊತ್ತು, ಆರಿಸಿದ ಹೊತ್ತು, ಎರಡನ್ನೂ ಬರೀಬೇಕು. ನಾಲ್ಕೇ ದಿನಕ್ಕೆ ಬಂದು, "ಅಮ್ಮ, ಟ್ಯಾಂಕ್ ದಿನಕ್ಕೆ ಎರಡು ಸಲ ತುಂಬ್ತಿದ್ದೀವಿ" ಅಂದ. ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಸರ್ಕಾರದ ಲೆಕ್ಕ. ನಾಲ್ಕು ಜನಕ್ಕೆ 540. ನಮ್ಮದು ಸಾವಿರ ಲೀಟರ್ ಟ್ಯಾಂಕ್, ಮಧ್ಯಾಹ್ನಕ್ಕೇ ಬರಿದು. ಬೆಳಿಗ್ಗೆ ನಾನು ಹಾಕುತ್ತಿದ್ದೆ, ಸಂಜೆ ಅತ್ತೆ ಹಾಕುತ್ತಿದ್ದರು. ಇಬ್ಬರೂ ಅವರವರ ಪಾಡಿಗೆ, ಹಾಗಾಗಿ ಯಾರಿಗೂ ಅನುಮಾನ ಬಂದಿರಲಿಲ್ಲ. ಮೋಟರ್ ಒಂದೂವರೆ ಎಚ್‌ಪಿ, ಗಂಟೆಗೆ ಒಂದೂವರೆ ಯೂನಿಟ್ ಹತ್ತಿರ ತಿನ್ನುತ್ತೆ. ದಿನಕ್ಕೆ ಒಂದು ಗಂಟೆ ಜಾಸ್ತಿ ಓಡಿದರೆ ತಿಂಗಳಿಗೆ 45 ಯೂನಿಟ್. 176ಕ್ಕೆ 45 ಕೂಡಿಸಿ ನೋಡಿ.

ನೀರು ಹೋಗ್ತಿರೋದೆಲ್ಲಿ ಅಂತ ಹುಡುಕೋಕೆ ಅವನು ಬಟ್ಟೆಗೆ ಹಾಕೋ ನೀಲಿ ತಗೊಂಡ. ಫ್ಲಶ್ ಟ್ಯಾಂಕಿನೊಳಗೆ ನಾಲ್ಕು ಹನಿ ಬಿಟ್ಟು, ಫ್ಲಶ್ ಮಾಡದೆ ಕಾದರೆ ಸಾಕು. ಮಹಡಿ ಮೇಲಿನ ಬಾತ್‌ರೂಮು ನೆಂಟರು ಬಂದಾಗ ಮಾತ್ರ ಉಪಯೋಗ, ಅಲ್ಲಿಗೆ ಯಾರೂ ಹೋಗೋದಿಲ್ಲ. ಐದು ನಿಮಿಷಕ್ಕೆ ಕಮೋಡಿನ ಗೋಡೆ ಮೇಲೆ ನೀಲಿ ಗೆರೆ ಇಳೀತು. ಸದ್ದಿಲ್ಲ, ತೊಟ್ಟಿಕ್ಕೋದಿಲ್ಲ, ಸುಮ್ನೆ ಎಣ್ಣೆ ಇಳಿದ ಹಾಗೆ. ವಾಷರ್ 60 ರೂಪಾಯಿ, ಪ್ಲಂಬರ್‌ಗೆ 300.

ಈಗ ನಿಮ್ಮ ಪ್ರಶ್ನೆ. ಯಾವುದು ಜಾಸ್ತಿ ಸರಿ ಅನ್ನೋ ಪ್ರಶ್ನೆಯೇ ಸರಿ ಇಲ್ಲ. ಶನಿ ಒಂದು ಸುತ್ತು ಬರೋಕೆ ಇಪ್ಪತ್ತೊಂಬತ್ತೂವರೆ ವರ್ಷ ಬೇಕು. ಒಂದು ರಾಶಿಗೆ ಎರಡೂವರೆ ವರ್ಷ ಆಯಿತು. ಸಾಡೇಸಾತಿ ಅಂದರೆ ಮೂರು ರಾಶಿ, ನಮ್ಮದು, ಅದರ ಹಿಂದಿನದು, ಮುಂದಿನದು. ಅಂದರೆ ಯಾವತ್ತು ನೋಡಿದರೂ ಹನ್ನೆರಡರಲ್ಲಿ ಮೂರು ರಾಶಿಯವರಿಗೆ ಸಾಡೇಸಾತಿ ಇದ್ದೇ ಇರುತ್ತೆ. ಪಂಚಮ ಶನಿ, ಅಷ್ಟಮ ಶನಿ ಸೇರಿಸಿದರೆ ಐದು ರಾಶಿ. ಕಷ್ಟ ಇರೋ ಮನೇಲಿ ಒಬ್ಬರಾದರೂ ಸಿಕ್ಕೇ ಸಿಗುತ್ತಾರೆ. ಪುಣೆಯಲ್ಲಿ ಖಗೋಳ ವಿಜ್ಞಾನಿ ಜಯಂತ ನಾರಳೀಕರ್ 27 ಜ್ಯೋತಿಷಿಗಳಿಗೆ ತಲಾ 40 ಜಾತಕ ಕೊಟ್ಟು, ಇದು ಜಾಣ ಮಗುವಿನದಾ, ಬುದ್ಧಿಮಾಂದ್ಯ ಮಗುವಿನದಾ ಹೇಳಿ ಅಂದಿದ್ದರು. ನೂರಕ್ಕೆ 46 ಸರಿ ಬಂತು. ನಾಣ್ಯ ಚಿಮ್ಮಿದ್ದರೂ 50ರ ಆಸುಪಾಸು ಬರುತ್ತಿತ್ತು.

ಟ್ಯಾರೋ ಬಗ್ಗೆ ಕೇಳಿದರೆ, ಅದು 15ನೇ ಶತಮಾನದಲ್ಲಿ ಇಟಲಿಯವರು ಆಡುತ್ತಿದ್ದ ಇಸ್ಪೀಟು. ಭವಿಷ್ಯ ಹೇಳೋ ಚಾಳಿ 18ನೇ ಶತಮಾನದಲ್ಲಿ ಫ್ರಾನ್ಸಿನಲ್ಲಿ ಜೋರಾಯಿತು. ಆದರೆ ನಾದಿನಿ ಒಪ್ಪೋದಿಲ್ಲ. "ಲೀಕ್ ಅಂತ ಹೇಳಿದ್ರಲ್ಲ ಅತ್ತಿಗೆ!" ಅಂತಾಳೆ. ಲೀಕ್ ಇಲ್ಲದ ಮನೆ ಯಾವುದಿದೆ? 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತನ್ನ ವಿದ್ಯಾರ್ಥಿಗಳಿಗೆ, ಇದು ನಿಮ್ಮೊಬ್ಬರದೇ ಸ್ವಭಾವ ಅಂತ ಒಂದೊಂದು ಹಾಳೆ ಕೊಟ್ಟ. ಎಲ್ಲರಿಗೂ ಒಂದೇ ಬರಹ, ಜ್ಯೋತಿಷದ ಪುಸ್ತಕದಿಂದ ಎತ್ತಿದ್ದು. ಸರಿ ಇದೆಯಾ ಅಂದರೆ 5ಕ್ಕೆ ಸರಾಸರಿ 4.26 ಅಂಕ ಕೊಟ್ಟರು.

ನೀವು ಎರಡೂ ಕಡೆ ದುಡ್ಡು ಕೊಡಬೇಡಿ. ಮನಸ್ಸು ತಡೀದಿದ್ದರೆ ಶನಿವಾರ ದೇವಸ್ಥಾನಕ್ಕೆ ಹೋಗಿ ಎಳ್ಳೆಣ್ಣೆ ದೀಪ ಹಚ್ಚಿ ಬನ್ನಿ, 20 ರೂಪಾಯಿ. ಆ ಸಂಜೆಯೇ ಮೀಟರ್ ಓದಿ ಬರೆದಿಡಿ. ಗೀಸರ್, ಮೋಟರ್, ಹಳೇ ಫ್ರಿಜ್, ಈ ಮೂರನ್ನು ಮೊದಲು ಹಿಡೀರಿ. ಚೀಟಿ ಇದ್ದರೆ ಆಸ್ಪತ್ರೆ ಬಿಟ್ಟು ಬೇರೆ ಯಾವುದಕ್ಕೂ ಮೊದಲರ್ಧದಲ್ಲಿ ಕೂಗಬೇಡಿ. ಕೊನೇ ದಿನ ಹೇಳಿ ದುಡ್ಡು ಕೇಳೋರು ಯಾರೇ ಆಗಲಿ, ಆ ದಿನ ದಾಟಲಿ ಬಿಡಿ.

ಉಂಗುರ ಮಾರೋಕೆ ಹೋಗಿದ್ದೆ. ಬಿಸಿ ಮಾಡಿ ಬಣ್ಣ ಏರಿಸಿದ ಕಲ್ಲು, 16 ಸಾವಿರ ಕೊಡ್ತೀನಿ ಅಂದರು. ನೀಲ ಅಂದರೆ ಕುರುಂದದ ಕಲ್ಲಂತೆ, ಸಾಣೆ ಹಿಡಿಯೋಕೆ ಬಳಸೋ ಜಾತಿಯದೇ. ಒಂಚೂರು ಕಬ್ಬಿಣ, ಟೈಟಾನಿಯಂ ಸೇರಿ ನೀಲಿ ಆಗುತ್ತೆ. ಮಾರದೆ ವಾಪಸ್ ತಂದೆ.

ಆಗಸ್ಟ್‌ನಲ್ಲಿ ಬಿಲ್ ಮತ್ತೆ ಸೊನ್ನೆ ಬಂತು. ನಮ್ಮತ್ತೆ ಅದನ್ನು ದೇವರ ಮುಂದೆ ಇಟ್ಟು, "ನೋಡಿದ್ಯಾ, ನೀಲ ಹಿಡೀತು" ಅಂದರು. ಮಗ ಬಾಯಿ ತೆಗೆಯೋಕೆ ಹೋದ, ಕಣ್ಣಲ್ಲೇ ಸುಮ್ಮನಾಗಿಸಿದೆ. ಅವತ್ತು ಚೀಟಿ ಕಂತಿನ ದಿನ, ನನಗೆ ಹೊತ್ತಾಗಿತ್ತು.