ನಗರಸೇವಕರ ಭಾವಮೈದುನನಿಗೆ ಗುತ್ತಿಗೆ: ಯಾರ ಬಾಗಿಲು ತಟ್ಟಬೇಕು?

ಪ್ರಶ್ನೆ: ಮುಂಬೈ ಪಾಲಿಕೆಯ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿ ನಿವೃತ್ತನಾದವನು ನಾನು. ನಮ್ಮ ವಾರ್ಡಿನ ಗಟಾರದ ಕೆಲಸ ಹಿಂದೆಯೂ ಈಗಲೂ ಒಬ್ಬರಿಗೇ ಸಿಗುತ್ತಿದೆ. ಅವರು ನಗರಸೇವಕರ (ಕಾರ್ಪೊರೇಟರ್) ಭಾವಮೈದುನ ಎಂದು ಎಲ್ಲರೂ ಹೇಳುತ್ತಾರೆ. ಲಾಸ್ ಏಂಜಲೀಸ್‌ನಲ್ಲಿರುವ ಮಗನಿಗೆ ಹೇಳಿದಾಗ, ‘ಅಪ್ಪಾ, ಇಲ್ಲಿ ಇಂಥದ್ದನ್ನು ನೋಡಿಕೊಳ್ಳಲೆಂದೇ ನಗರಕ್ಕೊಂದು ಎಥಿಕ್ಸ್ ಕಮಿಷನ್ ಇದೆ’ ಎಂದ. ನಮ್ಮಲ್ಲೂ ಇದೆಯೇ? ಲೋಕಾಯುಕ್ತಕ್ಕೆ ಬರೆದರೆ ದಾಳಿ ಮಾಡುತ್ತಾರೆಯೇ? – ನಿವೃತ್ತ ಶಿಕ್ಷಕರು, ಚೆಂಬೂರು

ಉತ್ತರ: ಮೇಷ್ಟ್ರೇ, ನಿಮ್ಮ ಮಗ ಹೇಳಿದ್ದು ನಿಜ. ಲಾಸ್ ಏಂಜಲೀಸ್‌ನ ಜನ 1990ರಲ್ಲಿ ಮತ ಹಾಕಿ ಆ ಆಯೋಗವನ್ನು ತಂದುಕೊಂಡರು. ಅದರಲ್ಲಿ ಐವರು ಸದಸ್ಯರು. ಐವರನ್ನೂ ಮೇಯರ್ ಒಬ್ಬರೇ ನೇಮಿಸುವಂತಿಲ್ಲ. ಐದು ಬೇರೆ ಬೇರೆ ಹುದ್ದೆಗಳಲ್ಲಿರುವವರು ಒಬ್ಬೊಬ್ಬರನ್ನು ಆರಿಸುತ್ತಾರೆ. ನ್ಯೂಯಾರ್ಕ್ ನಗರದಲ್ಲಿ ಹಿತಾಸಕ್ತಿ ಸಂಘರ್ಷ ಮಂಡಳಿ ಎಂಬುದಿದೆ. ಒಂದು ತಪ್ಪಿಗೆ 25,000 ಡಾಲರ್‌ವರೆಗೆ ದಂಡ ಹಾಕುವ ಅಧಿಕಾರ ಅದಕ್ಕಿದೆ. ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು ದಂಡದ ಮೊತ್ತವಲ್ಲ. ಈ ಮಂಡಳಿಗಳಿಗೆ ನಗರದ ಯಾವ ನೌಕರನೂ ಫೋನ್ ಮಾಡಿ, ‘ಈ ಕಡತ ನನ್ನ ಮೇಜಿಗೆ ಬಂದಿದೆ, ಅರ್ಜಿದಾರ ನನ್ನ ನೆಂಟ, ಏನು ಮಾಡಲಿ?’ ಎಂದು ಗೋಪ್ಯವಾಗಿ ಕೇಳಬಹುದು. ತಪ್ಪು ನಡೆಯುವ ಮೊದಲೇ ಉತ್ತರ ಸಿಗುತ್ತದೆ. ವರ್ಷಕ್ಕೊಮ್ಮೆ ಆಸ್ತಿ ಮತ್ತು ವ್ಯವಹಾರದ ಘೋಷಣೆಯನ್ನೂ ಅವು ತೆಗೆದುಕೊಳ್ಳುತ್ತವೆ. ವಿಚಾರಣೆ, ದಂಡ ಬರುವುದು ಕೊನೆಯಲ್ಲಿ.

ಮುಂಬೈಯಲ್ಲಿ ಅಂಥ ಒಂದು ಸಂಸ್ಥೆ ಇಲ್ಲ. ಮನೆಯ ಆಸ್ತಿ ಹಿಸ್ಸೆಯಾದ ಹಾಗೆ ಅದೇ ಕೆಲಸ ನಾಲ್ಕೈದು ಕಚೇರಿಗಳಲ್ಲಿ ಹಂಚಿಹೋಗಿದೆ. ಪಾಲಿಕೆಯ ನೌಕರ ತಪ್ಪು ಮಾಡಿದರೆ ಆಯುಕ್ತರು ಇಲಾಖಾ ವಿಚಾರಣೆ ನಡೆಸುತ್ತಾರೆ. ಆದರೆ ನಗರಸೇವಕರು ಆಯುಕ್ತರ ಕೈಕೆಳಗಿನವರಲ್ಲ. ಲಂಚದ ವಿಷಯ ಭ್ರಷ್ಟಾಚಾರ ನಿಗ್ರಹ ದಳಕ್ಕೆ, ಅಂದರೆ ಎಸಿಬಿಗೆ ಹೋಗುತ್ತದೆ. ಲೆಕ್ಕಪತ್ರ ನೋಡುವ ಮುಖ್ಯ ಲೆಕ್ಕಪರಿಶೋಧಕರು ಸ್ಥಾಯಿ ಸಮಿತಿಗೆ ವರದಿ ಕೊಡುತ್ತಾರೆ. ಆ ಸಮಿತಿಯಲ್ಲಿ ಕೂರುವವರೂ ನಗರಸೇವಕರೇ.

ಇನ್ನು ಲೋಕಾಯುಕ್ತ. ಊರಿನ ಪತ್ರಿಕೆಗಳಲ್ಲಿ ‘ಲೋಕಾಯುಕ್ತ ದಾಳಿ’ ಎಂಬ ತಲೆಬರಹ ಓದಿ ಬೆಳೆದ ನಮಗೆ ಇಲ್ಲಿಗೆ ಬಂದ ಮೇಲೂ ಅದೇ ಚಿತ್ರ ಕಣ್ಣಮುಂದೆ ನಿಲ್ಲುತ್ತದೆ. ಕರ್ನಾಟಕದ 1984ರ ಕಾಯ್ದೆಯ ಲೋಕಾಯುಕ್ತಕ್ಕೆ ಪೊಲೀಸ್ ವಿಭಾಗವಿದೆ. ಮಧ್ಯದಲ್ಲಿ, 2016ರಲ್ಲಿ ಆ ಕೆಲಸ ಅಲ್ಲಿನ ಎಸಿಬಿಗೆ ಹೋಗಿತ್ತು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಆ ಎಸಿಬಿಯನ್ನೇ ರದ್ದು ಮಾಡಿತು. ಮಹಾರಾಷ್ಟ್ರದ ಲೋಕಾಯುಕ್ತ ಅದಕ್ಕಿಂತ ಹಿರಿದು, 1971ರ ಕಾಯ್ದೆಯಿಂದ ಹುಟ್ಟಿದ್ದು. ಆದರೆ ಅದು ದಾಳಿ ಮಾಡುವುದಿಲ್ಲ. ದೂರು ಕೇಳುತ್ತದೆ, ಅಧಿಕಾರಿಗಳನ್ನು ಕರೆಸುತ್ತದೆ, ಕಡತ ತರಿಸುತ್ತದೆ, ಕೊನೆಗೆ ಸರ್ಕಾರಕ್ಕೆ ಶಿಫಾರಸು ಮಾಡುತ್ತದೆ. ಪಾಲಿಕೆಯ ಅಧಿಕಾರಿಗಳ ಉದಾಸೀನಕ್ಕೆ ಇದು ನಿಜವಾಗಿಯೂ ಒಳ್ಳೆಯ ಮದ್ದು. ಹತ್ತು ಅರ್ಜಿಗೆ ಕದಲದ ಕಡತ ಲೋಕಾಯುಕ್ತರ ಒಂದು ನೋಟಿಸಿಗೆ ಕದಲಿದ್ದನ್ನು ನಾನು ಕಂಡಿದ್ದೇನೆ. ಹೊಸ ಲೋಕಾಯುಕ್ತ ಮಸೂದೆಯನ್ನು ಇಲ್ಲಿನ ವಿಧಾನಸಭೆ 2022ರ ಡಿಸೆಂಬರ್‌ನಲ್ಲಿ, ವಿಧಾನ ಪರಿಷತ್ತು 2023ರ ಡಿಸೆಂಬರ್‌ನಲ್ಲಿ ಅಂಗೀಕರಿಸಿವೆ. ದೂರು ಕೊಡುವ ದಿನ ಯಾವ ಕಾಯ್ದೆ ಜಾರಿಯಲ್ಲಿದೆ ಎಂದು ರಾಜ್ಯದ ಸಚಿವಾಲಯವಾದ ಮಂತ್ರಾಲಯದ ಎದುರಿನ ಹೊಸ ಆಡಳಿತ ಕಟ್ಟಡದಲ್ಲಿರುವ ಅವರ ಕಚೇರಿಯಲ್ಲಿ ಕೇಳಿಕೊಂಡೇ ಬರೆಯಿರಿ.

ಅವಧಿಯ ಮಾತನ್ನು ಒತ್ತಿ ಹೇಳುತ್ತೇನೆ. 1971ರ ಹಳೆಯ ಲೋಕಾಯುಕ್ತ ಕಾಯ್ದೆಯಲ್ಲಿ ಅಹವಾಲಿಗೆ ವಿಷಯ ತಿಳಿದ ದಿನದಿಂದ 12 ತಿಂಗಳು, ಭ್ರಷ್ಟಾಚಾರದಂಥ ಆರೋಪಕ್ಕೆ ಕೃತ್ಯ ನಡೆದಂದಿನಿಂದ ಮೂರು ವರ್ಷದ ಗಡುವಿದೆ. ವಕೀಲಿಕೆಯ ಮೊದಲ ದಿನಗಳಲ್ಲಿ ಒಬ್ಬ ವಿಧವೆಯ ಅಹವಾಲನ್ನು ನಾನು ಬೇರೊಂದು ಕಚೇರಿಗೆ ಕೊಟ್ಟುಬಿಟ್ಟೆ. ‘ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂದು ಅಲ್ಲಿಂದ ಉತ್ತರ ಬಂದದ್ದು ಹದಿನಾಲ್ಕು ತಿಂಗಳ ಮೇಲೆ. ಅಷ್ಟರಲ್ಲಿ ಸರಿಯಾದ ಬಾಗಿಲು ಮುಚ್ಚಿತ್ತು. ಆ ತಾಯಿ ನನ್ನನ್ನು ಬೈಯಲಿಲ್ಲ. ಇಂದಿಗೂ ಯಾವ ದೂರಿನ ಕಾಗದ ಕೈಗೆ ಬಂದರೂ ಮೊದಲು ತಾರೀಕು ನೋಡುತ್ತೇನೆ.

ಈಗ ನೀವು ಹೇಳಿದ ಭಾವಮೈದುನನ ವಿಷಯಕ್ಕೆ ಬರೋಣ. ಮುಂಬೈ ಪಾಲಿಕೆ ನಡೆಯುವುದು 1888ರ ಕಾಯ್ದೆಯ ಮೇಲೆ, ಪುಣೆಯಂಥ ಉಳಿದ ಮಹಾನಗರಗಳು 1949ರ ಕಾಯ್ದೆಯ ಮೇಲೆ. ಪಾಲಿಕೆಯ ಗುತ್ತಿಗೆಯಲ್ಲಿ ನೇರವಾಗಿಯೋ ಪರೋಕ್ಷವಾಗಿಯೋ, ತಾನೇ ಅಥವಾ ತನ್ನ ಪಾಲುದಾರನ ಮೂಲಕ ಹಿತಾಸಕ್ತಿ ಇಟ್ಟುಕೊಂಡವರು ನಗರಸೇವಕರಾಗಿ ಇರುವಂತಿಲ್ಲ ಎಂದು ಎರಡೂ ಹೇಳುತ್ತವೆ. ‘ಪಾಲುದಾರ’ ಎಂಬ ಪದವನ್ನು ಗಮನಿಸಿ. ಅಲ್ಲಿ ಭಾವಮೈದುನನ ಹೆಸರಿಲ್ಲ, ಹೆಂಡತಿಯ ಹೆಸರೂ ಇಲ್ಲ. ಅನಧಿಕೃತ ಕಟ್ಟಡದ ವಿಷಯ ಬಂದಾಗ ಮಾತ್ರ ಇದೇ ಕಾಯ್ದೆಗಳು ನಗರಸೇವಕರ ಸಂಗಾತಿಯನ್ನೂ ಅವಲಂಬಿತರನ್ನೂ ಸೇರಿಸಿಕೊಂಡು ಅನರ್ಹತೆಯ ಮಾತಾಡುತ್ತವೆ. ಮನೆಯವರು ಒಂದು ಅಂತಸ್ತು ಹೆಚ್ಚು ಕಟ್ಟಿದರೆ ಸ್ಥಾನ ಹೋಗುತ್ತದೆ. ಮನೆಯವರು ಕೋಟಿ ರೂಪಾಯಿಯ ಗುತ್ತಿಗೆ ಹಿಡಿದರೆ ಅಷ್ಟರಿಂದಲೇ ಹೋಗುವುದಿಲ್ಲ. ಈ ಅಂತರವನ್ನು ಶಾಸಕರು ಮುಚ್ಚಬೇಕು ಎಂದು ನಾನು ಬಹಳ ವರ್ಷಗಳಿಂದ ಹೇಳುತ್ತಿದ್ದೇನೆ.

ಆದ್ದರಿಂದ ನೆಂಟಸ್ತಿಕೆ ತೋರಿಸಿದರೆ ಸಾಲದು, ಆ ಗುತ್ತಿಗೆಯ ಹಣದಲ್ಲಿ ನಗರಸೇವಕರ ಪಾಲಿದೆ ಎಂದು ತೋರಿಸಬೇಕು. ಅದಕ್ಕೆ ಮಾಹಿತಿ ಹಕ್ಕಿನ ಅರ್ಜಿಯಿಂದ ಶುರು ಮಾಡಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಮಹಾರಾಷ್ಟ್ರದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಟೆಂಡರ್ ಹಾಕಿದವರೆಲ್ಲರ ದರಪಟ್ಟಿ, ವರ್ಕ್ ಆರ್ಡರ್, ಮಾಡಿದ ಕೆಲಸದ ಅಳತೆ ಬರೆದಿಡುವ ಮೆಜರ್‌ಮೆಂಟ್ ಬುಕ್‌ನ ಪುಟಗಳು, ಬಿಲ್ಲುಗಳು: ಇವಿಷ್ಟನ್ನೇ ಕೇಳಿ. ‘ಏಕೆ ಕೊಟ್ಟಿರಿ’ ಎಂದು ಕೇಳಬೇಡಿ. ಆ ಕಾಯ್ದೆ ದಾಖಲೆ ಕೊಡುತ್ತದೆ, ಕಾರಣ ಹುಡುಕಿ ಕೊಡುವುದಿಲ್ಲ. ಸಂಸ್ಥೆ ಪಾಲುದಾರಿಕೆಯದಾಗಿದ್ದರೆ ನೋಂದಣಿ ಕಚೇರಿಯಲ್ಲಿ ಪಾಲುದಾರರ ಹೆಸರು ಸಿಗುತ್ತದೆ. ಚುನಾವಣೆಗೆ ನಿಂತಾಗ ನಗರಸೇವಕರು ಕೊಟ್ಟ ಆಸ್ತಿಯ ಪ್ರಮಾಣಪತ್ರವನ್ನು ಅದರ ಪಕ್ಕ ಇಟ್ಟು ನೋಡಿ. ಇನ್ನೊಂದು ವಿಷಯವನ್ನೂ ತಾಳೆ ನೋಡಿ: 2022ರ ಮಾರ್ಚ್‌ನಲ್ಲಿ ಪಾಲಿಕೆಯ ಚುನಾಯಿತ ಸಭೆಯ ಅವಧಿ ಮುಗಿದು, 2026ರ ಜನವರಿಯ ಚುನಾವಣೆಯವರೆಗೆ ಪಾಲಿಕೆ ಪ್ರಶಾಸಕರ, ಅಂದರೆ ಆಡಳಿತಾಧಿಕಾರಿಯ ಕೈಯಲ್ಲಿತ್ತು. ಆ ಅವಧಿಯಲ್ಲೂ ಕೆಲಸ ಅವರಿಗೇ ಸಿಕ್ಕಿದ್ದರೆ, ಕೊಟ್ಟ ಅಧಿಕಾರಿಗಳ ಮೇಲೂ ಪ್ರಶ್ನೆ ಏಳುತ್ತದೆ.

ಪುರಾವೆ ಸಿಕ್ಕಿತು ಎಂದಿಟ್ಟುಕೊಳ್ಳೋಣ. ನಗರಸೇವಕರು ಅನರ್ಹರೇ ಎಂದು ಮುಂಬೈಯಲ್ಲಿ ತೀರ್ಮಾನಿಸುವವರು ಧೋಬಿ ತಲಾವಿನ ಲಘುವ್ಯಾಜ್ಯ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರು. ಆದರೆ ಮತದಾರರಾದ ನೀವು ಅಲ್ಲಿಗೆ ಆ ಪ್ರಶ್ನೆಯನ್ನು ನೇರವಾಗಿ ಒಯ್ಯುವಂತಿಲ್ಲ. ಆ ನಗರಸೇವಕರೇ ಅಥವಾ ಬೇರೊಬ್ಬ ನಗರಸೇವಕರು ಒಯ್ಯಬೇಕು, ಇಲ್ಲವೇ ಪಾಲಿಕೆ ಕೇಳಿಕೊಂಡಾಗ ಆಯುಕ್ತರು ಕಳುಹಿಸಬೇಕು. ನಿಮಗೆ ಉಳಿಯುವುದು ಹೈಕೋರ್ಟಿನ ರಿಟ್ ಅರ್ಜಿ. ದಾಖಲೆಗಳ ಪ್ರತಿಯನ್ನು ಆಯುಕ್ತರಿಗೂ ನಿಮ್ಮ ವಾರ್ಡಿನ ಸುತ್ತಮುತ್ತಲಿನ ಬೇರೆ ಪಕ್ಷದ ನಗರಸೇವಕರಿಗೂ ಕೊಡಿ. ಪ್ರಶ್ನೆ ಒಯ್ಯುವ ಹಕ್ಕಿರುವವರ ಕೈಗೆ ಕಾಗದ ಸೇರಬೇಕು.

ಕರ್ನಾಟಕದ 1976ರ ಪೌರ ನಿಗಮಗಳ ಕಾಯ್ದೆಯಲ್ಲಿ ನಿಗಮದ ಸದಸ್ಯರು ಪ್ರತಿ ವರ್ಷ ತಮ್ಮ ಮತ್ತು ಕುಟುಂಬದ ಆಸ್ತಿಯ ಘೋಷಣೆಯನ್ನು ಮೇಯರ್‌ಗೆ ಸಲ್ಲಿಸಬೇಕೆಂದು ಬರೆದಿದೆ. ನಮ್ಮವರೇ ಆದ ವೀರಪ್ಪ ಮೊಯಿಲಿ ಅಧ್ಯಕ್ಷರಾಗಿದ್ದ ಎರಡನೆಯ ಆಡಳಿತ ಸುಧಾರಣಾ ಆಯೋಗ 2007ರ ತನ್ನ ನಾಲ್ಕನೆಯ ವರದಿಯಲ್ಲಿ, ಕೆಲವು ಜಿಲ್ಲೆಗಳಿಗೊಬ್ಬರಂತೆ ಸ್ಥಳೀಯ ಸಂಸ್ಥೆಗಳ ಮೇಲಿನ ದೂರು ವಿಚಾರಿಸುವ ಓಂಬುಡ್ಸ್‌ಮನ್ ಬೇಕು ಎಂದು ಹೇಳಿತು. ಕೇರಳದಲ್ಲಿ ಅಂಥ ಓಂಬುಡ್ಸ್‌ಮನ್ ಇದ್ದಾರೆ. ಮುಂಬೈಗೆ ಅದು ಬಂದಿದ್ದರೆ ನಿಮ್ಮ ಪತ್ರಕ್ಕೆ ನಾನು ಒಂದೇ ವಿಳಾಸ ಕೊಡುತ್ತಿದ್ದೆ.

ಪ್ರಶ್ನೆ: ಘಾಟ್‌ಕೋಪರ್‌ನಲ್ಲಿ ನಮ್ಮದೊಂದು ಸಣ್ಣ ಉಡುಪಿ ಹೋಟೆಲ್. ಲೈಸೆನ್ಸ್ ನವೀಕರಣಕ್ಕೆ ಇನ್‌ಸ್ಪೆಕ್ಟರ್ ಹಣ ಕೇಳಿದರು. ಮೂರು ತಿಂಗಳ ಹಿಂದೆ ಕೊಟ್ಟೆ, ಈಗ ಮತ್ತೆ ಕೇಳುತ್ತಿದ್ದಾರೆ. ದೂರು ಕೊಟ್ಟರೆ ನನ್ನ ಮೇಲೇ ಕೇಸ್ ಆಗುತ್ತದೆ ಎಂದು ಪಕ್ಕದ ಹೋಟೆಲಿನವರು ಹೆದರಿಸುತ್ತಾರೆ. – ಹೋಟೆಲ್ ಮಾಲೀಕರು

ಉತ್ತರ: ಪಕ್ಕದವರ ಮಾತಿನಲ್ಲಿ ಅರ್ಧ ಸತ್ಯವಿದೆ. 2018ರ ಜುಲೈನಲ್ಲಿ ಜಾರಿಗೆ ಬಂದ ಭ್ರಷ್ಟಾಚಾರ ತಡೆ ಕಾಯ್ದೆಯ ತಿದ್ದುಪಡಿಯಿಂದ ಲಂಚ ಕೊಡುವುದೂ ಅಪರಾಧವಾಯಿತು. ಒತ್ತಾಯಕ್ಕೆ ಸಿಕ್ಕಿ ಕೊಟ್ಟವರು ಏಳು ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದರೆ ಮಾತ್ರ ರಕ್ಷಣೆ. ನಿಮ್ಮ ಹಳೆಯ ಪಾವತಿಗೆ ಆ ಏಳು ದಿನ ದಾಟಿದೆ, ಆದ್ದರಿಂದ ದೂರು ಬರೆಯುವ ಮೊದಲು ನಿಮ್ಮ ವಕೀಲರ ಜೊತೆ ಕೂತು ಮಾತಾಡಿ. ಆದರೆ ಹೊಸ ಬೇಡಿಕೆಯ ಕಥೆ ಬೇರೆ. ಕೊಡುವ ಮೊದಲೇ ಎಸಿಬಿಗೆ ತಿಳಿಸಿ, ಅವರು ಹೇಳಿದಂತೆ ಕೊಟ್ಟರೆ ಅದು ಅಪರಾಧವೇ ಅಲ್ಲ. ಮಹಾರಾಷ್ಟ್ರ ಎಸಿಬಿಯ ಉಚಿತ ಸಂಖ್ಯೆ 1064, ಮುಖ್ಯ ಕಚೇರಿ ವರ್ಲಿಯಲ್ಲಿದೆ.

ಅವರು ಮೊದಲು ಬೇಡಿಕೆ ನಿಜವೇ ಎಂದು ಧ್ವನಿಮುದ್ರಣದಿಂದ ಖಚಿತ ಮಾಡಿಕೊಳ್ಳುತ್ತಾರೆ, ಸಾಕ್ಷಿಗೆ ಪಂಚರನ್ನು ಕರೆಸುತ್ತಾರೆ, ಆಮೇಲೆ ಪುಡಿ ಹಚ್ಚಿದ ನೋಟು ನಿಮ್ಮ ಕೈಗೆ ಕೊಡುತ್ತಾರೆ. ನೋಟು ಸಿಕ್ಕರೆ ಸಾಲದು, ಅಧಿಕಾರಿ ಬಾಯಿಬಿಟ್ಟು ಕೇಳಿದ್ದೂ ಸಾಬೀತಾಗಬೇಕು. ಬೇಡಿಕೆ ಮತ್ತು ಸ್ವೀಕಾರ ಎರಡೂ ಬೇಕೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2022ರ ಡಿಸೆಂಬರ್‌ನಲ್ಲಿ ಹೇಳಿದೆ. ದೂರುದಾರ ತೀರಿಕೊಂಡರೂ ಮಾತು ಬದಲಿಸಿದರೂ ಅವನ್ನು ಸಾಂದರ್ಭಿಕ ಸಾಕ್ಷ್ಯದಿಂದ ಸಾಬೀತು ಮಾಡಬಹುದು ಎಂದೂ ಅದೇ ತೀರ್ಪು ಹೇಳುತ್ತದೆ. ಹಾಗಾಗಿ ಇನ್‌ಸ್ಪೆಕ್ಟರ್ ಬಂದಾಗ ನೀವಾಗಿ ಮೊತ್ತ ಹೇಳಬೇಡಿ, ಅವರೇ ಹೇಳಲಿ. ಸಾಬೀತಾದರೆ ಕನಿಷ್ಠ ಮೂರು ವರ್ಷ, ಹೆಚ್ಚೆಂದರೆ ಏಳು ವರ್ಷ ಜೈಲು. ನವೀಕರಣದ ಅರ್ಜಿಯ ರಸೀದಿ ಜೋಪಾನವಾಗಿರಲಿ.

ಪ್ರಶ್ನೆ: ನಾನು ಪುಣೆ ಪಾಲಿಕೆಯಲ್ಲಿ ಕಿರಿಯ ಎಂಜಿನಿಯರ್, ಧಾರವಾಡದವಳು. ನಮ್ಮ ವಿಭಾಗದ ಗುತ್ತಿಗೆದಾರರೊಬ್ಬರು ದೀಪಾವಳಿಗೆ ಬೆಳ್ಳಿಯ ಬಟ್ಟಲು ಮನೆಗೆ ಕಳುಹಿಸಿದ್ದಾರೆ. ಅತ್ತೆಯವರು ಅದನ್ನು ದೇವರ ಮುಂದೆ ಇಟ್ಟಿದ್ದಾರೆ. ನನ್ನ ಯಜಮಾನರು ಈಗ ಒಳಾಂಗಣ ವಿನ್ಯಾಸದ ಸಂಸ್ಥೆ ತೆರೆಯಲಿದ್ದಾರೆ. ಇದೆಲ್ಲ ತಪ್ಪೇ ಎಂದು ಯಾರನ್ನು ಕೇಳಲಿ? – ಹೆಸರು ಬೇಡ

ಉತ್ತರ: ತಾಯೀ, ಕೇಳಬೇಕೆಂದು ನಿಮಗೆ ಅನಿಸಿತಲ್ಲ, ಓದಿ ನನಗೆ ಸಂತೋಷವಾಯಿತು. ಮೇಷ್ಟ್ರಿಗೆ ಹೇಳಿದ ಆ ಫೋನ್ ಸೌಲಭ್ಯ ಬೇಕಾಗುವುದು ನಿಮ್ಮಂಥವರಿಗೇ. ನ್ಯೂಯಾರ್ಕ್‌ನಲ್ಲಿ ನಗರದ ಜೊತೆ ವ್ಯವಹಾರವಿರುವವರಿಂದ 50 ಡಾಲರ್ ಅಥವಾ ಅದಕ್ಕಿಂತ ಹೆಚ್ಚಿನ ಉಡುಗೊರೆ ತೆಗೆದುಕೊಳ್ಳುವಂತಿಲ್ಲ ಎಂದು ಅಂಕಿ ಹಾಕಿ ಹೇಳಿದ್ದಾರೆ, ಅನುಮಾನ ಬಂದರೆ ಕೇಳಲು ಜನರಿದ್ದಾರೆ. ನಿಮಗೆ ಅಂಥವರಿಲ್ಲದ ಕಾರಣ ನಾನೇ ಹೇಳುತ್ತೇನೆ.

ಬಟ್ಟಲು ತಪ್ಪೇ. ನೀವು ಏನೂ ಮಾಡಿಕೊಡದೆ ಇದ್ದರೂ, ನಿಮ್ಮ ಮೇಜಿನಲ್ಲಿ ಕಡತ ಇರುವವರಿಂದ ಬೆಲೆ ಕೊಡದೆ ವಸ್ತು ಪಡೆಯುವುದಕ್ಕೆ ಭ್ರಷ್ಟಾಚಾರ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ಆರು ತಿಂಗಳಿಂದ ಐದು ವರ್ಷದವರೆಗೆ ಶಿಕ್ಷೆ ಇದೆ. ಯಜಮಾನರ ಸಂಸ್ಥೆ ತಪ್ಪಲ್ಲ, ಮುಚ್ಚಿಡುವುದು ತಪ್ಪು. ಕುಟುಂಬದವರು ವ್ಯಾಪಾರ ಆರಂಭಿಸಿದರೆ ಕಚೇರಿಗೆ ತಿಳಿಸಬೇಕೆಂದು ರಾಜ್ಯ ನೌಕರರಿಗಿರುವ 1979ರ ವರ್ತನಾ ನಿಯಮಗಳು ಹೇಳುತ್ತವೆ. ನಿಮಗೆ ಯಾವ ನಿಯಮಾವಳಿ ಎಂಬುದು ನಿಮ್ಮ ನೇಮಕಾತಿ ಆದೇಶದಲ್ಲಿರುತ್ತದೆ, ತೆಗೆದು ನೋಡಿ. ಸಂಸ್ಥೆಯ ಹೆಸರು, ಅದು ಮಾಡುವ ಕೆಲಸ, ‘ಪಾಲಿಕೆಯ ಯಾವ ಟೆಂಡರಿಗೂ ಅರ್ಜಿ ಹಾಕುವುದಿಲ್ಲ’ ಎಂಬ ಮಾತು, ‘ಅವರ ಗ್ರಾಹಕರ ಕಡತ ನನ್ನ ಬಳಿ ಬಂದರೆ ಬೇರೆಯವರಿಗೆ ವಹಿಸಿ’ ಎಂಬ ಕೋರಿಕೆ ಇಷ್ಟನ್ನು ಒಂದು ಪುಟದಲ್ಲಿ ಬರೆದು ವಿಭಾಗದ ಮುಖ್ಯಸ್ಥರಿಗೆ ಕೊಡಿ.

ಅತ್ತೆಯವರಿಗೆ ನೀವೇ ಹೇಳಿ, ಯಜಮಾನರ ಕೈಯಲ್ಲಿ ಹೇಳಿಸಬೇಡಿ. ಬಟ್ಟಲನ್ನು ನಾಳೆಯೇ ಎರಡು ಸಾಲಿನ ಪತ್ರದೊಂದಿಗೆ ಗುತ್ತಿಗೆದಾರರಿಗೆ ಹಿಂದಿರುಗಿಸಿ, ತಲುಪಿದ್ದಕ್ಕೆ ಸಹಿ ತೆಗೆದುಕೊಳ್ಳಿ. ಎರಡೂ ಪತ್ರಗಳ ಪ್ರತಿಯನ್ನು ನಿಮ್ಮ ಕಚೇರಿಯ ಆವಕ್-ಜಾವಕ್ (ಬರುವ-ಹೋಗುವ ಪತ್ರಗಳನ್ನು ದಾಖಲಿಸುವ) ಮೇಜಿನಲ್ಲಿ ಕೊಟ್ಟು, ಮೊಹರು ಮತ್ತು ಆವಕ್ ಸಂಖ್ಯೆ ಬಿದ್ದ ನಿಮ್ಮ ಪ್ರತಿಯನ್ನು ಮನೆಗೆ ತನ್ನಿ.