ರಿಪೋರ್ಟ್ ನಾರ್ಮಲ್, ಮಾತು ಮಾತ್ರ ತಿಳಿಯುತ್ತಿಲ್ಲ

ಮಾನ್ಯರೇ,

ಹೆಸರು ಹಾಕಬೇಡಿ ಎಂದು ಬರೆದಿದ್ದೀರಿ, ಹಾಕುವುದಿಲ್ಲ. ಉಳಿದ ಓದುಗರಿಗೆ ವಿಷಯ ತಿಳಿಯುವಷ್ಟು ಮಾತ್ರ ಹೇಳುತ್ತೇನೆ. ನಿಮ್ಮ ಯಜಮಾನರಿಗೆ ಅರವತ್ತೆರಡು ವರ್ಷ, ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದವರು. ಮನೆಯಲ್ಲಿ ಎದುರಿಗೆ ಕೂತು ಮಾತಾಡಿಸಿದರೆ ಎಲ್ಲಾ ಕೇಳುತ್ತದೆ. ಮದುವೆ ಮನೆಯಲ್ಲೋ ಸಂತೆಯಲ್ಲೋ ನಾಲ್ಕು ಜನ ಸೇರಿದರೆ ಒಂದು ಮಾತೂ ತಿಳಿಯುವುದಿಲ್ಲ, ಸುಮ್ಮನೆ ತಲೆಯಾಡಿಸಿ ಎದ್ದು ಬಂದುಬಿಡುತ್ತಾರೆ. ಕಿವಿ ಪರೀಕ್ಷೆ ಮಾಡಿಸಿದರೆ ರಿಪೋರ್ಟ್ ನಾರ್ಮಲ್ ಬಂತು. ‘ಕಿವಿ ಚೆನ್ನಾಗಿದೆ, ಗಮನ ಕೊಡುವುದಿಲ್ಲ ಅಷ್ಟೇ’ ಎಂದರಂತೆ. ಅಂದಿನಿಂದ ಮನೆಮಂದಿಯೆಲ್ಲ ‘ಬೇಕಂತಲೇ ಕೇಳಿಸಿಕೊಳ್ಳಲ್ಲ’ ಎಂದು ಅವರನ್ನು ಇನ್ನೂ ಹೆಚ್ಚು ಬೈಯುತ್ತಿದ್ದೀರಿ. ಕಳೆದ ಸಂಚಿಕೆಯಲ್ಲಿ ಒಳಗಿವಿಯಲ್ಲಿ ಸದ್ದನ್ನು ಹಿಡಿಯುವ ರೋಮಕೋಶಗಳ ಮೇಲೆ ಬಂದ ಲೇಖನ ಓದಿ ನೀವು ಕೇಳಿದ್ದು ಇಷ್ಟು: ರಿಪೋರ್ಟ್ ಸುಳ್ಳಾ, ಇವರು ಸುಳ್ಳಾ? ಔಷಧ ಯಾವಾಗ ಬರುತ್ತದೆ?

ಎರಡೂ ಸುಳ್ಳಲ್ಲ ಎನ್ನುವುದಕ್ಕೆ ಬಲವಾದ ಆಧಾರವಿದೆ. ನಮ್ಮ ಲೇಖನದಲ್ಲಿ ಜಾಗ ಸಿಗದೇ ಹೋದ ಒಂದು ಸಂಶೋಧನೆಯನ್ನು ನಿಮ್ಮ ಪತ್ರದ ನೆಪದಲ್ಲಿ ವಿವರವಾಗಿ ಹೇಳಬಹುದು.

ಅಮೆರಿಕದ ಬೋಸ್ಟನ್ ನಗರದ ಮ್ಯಾಸಚೂಸೆಟ್ಸ್ ಐ ಅಂಡ್ ಇಯರ್ ಆಸ್ಪತ್ರೆಯಲ್ಲಿ ಈಟನ್-ಪೀಬಾಡಿ ಪ್ರಯೋಗಾಲಯವಿದೆ. ಅದರ ನಿರ್ದೇಶಕರಾಗಿ ಹಲವು ವರ್ಷ ಇದ್ದ ನರವಿಜ್ಞಾನಿ ಚಾರ್ಲ್ಸ್ ಲಿಬರ್‌ಮನ್ ಎಪ್ಪತ್ತರ ದಶಕದಿಂದಲೂ ಒಂದೇ ವಿಷಯದ ಬೆನ್ನು ಬಿದ್ದವರು: ಕಿವಿಯಿಂದ ಮೆದುಳಿಗೆ ಹೋಗುವ ಶ್ರವಣ ನರ. ಅದರಲ್ಲಿ ಸುಮಾರು 30,000 ಎಳೆಗಳಿವೆ. ಒಳಗಿವಿಯ ಸುರುಳಿಯೊಳಗೆ ಒಳಸಾಲಿನ ರೋಮಕೋಶಗಳು 3,500ರಷ್ಟಿವೆ. ಸದ್ದಿನ ಅಲುಗಾಟವನ್ನು ನರಕ್ಕೆ ದಾಟಿಸುವುದು ಮುಖ್ಯವಾಗಿ ಇವೇ. ಒಂದೊಂದು ಕೋಶಕ್ಕೂ ಹತ್ತಾರು ನರದ ಎಳೆಗಳು ಬಂದು ಅಂಟಿಕೊಂಡಿರುತ್ತವೆ. ಆ ಅಂಟಿನ ಜಾಗವೇ ಸೈನಾಪ್ಸ್.

2009ರಲ್ಲಿ ಲಿಬರ್‌ಮನ್ ಮತ್ತು ಅವರ ಸಹೋದ್ಯೋಗಿ ಶರನ್ ಕುಜಾವಾ ಇಲಿಗಳಿಗೆ ಎರಡು ಗಂಟೆ ಕಾಲ 100 ಡೆಸಿಬೆಲ್ ಸದ್ದು ಕೇಳಿಸಿದರು. ಇಲಿಗಳ ಕಿವಿ ಮಂದವಾಯಿತು. ಎರಡು ವಾರದೊಳಗೆ ಮತ್ತೆ ಮೊದಲಿನಂತಾಯಿತು. ಸಣ್ಣ ಸದ್ದಿಗೂ ಕಿವಿ ಸ್ಪಂದಿಸುತ್ತಿತ್ತು, ರೋಮಕೋಶಗಳೆಲ್ಲ ಇದ್ದಲ್ಲೇ ಇದ್ದವು. ಅಲ್ಲಿಯವರೆಗಿನ ತಿಳಿವಳಿಕೆಯಂತೆ ‘ತಾತ್ಕಾಲಿಕ ಮಂದ, ವಾಸಿಯಾಯಿತು’ ಎಂದು ಕಡತ ಮುಚ್ಚಬೇಕಿತ್ತು. ಇವರು ಮುಚ್ಚಲಿಲ್ಲ. ರೋಮಕೋಶದ ಬುಡದಲ್ಲಿ ಸಂದೇಶ ಹೊರಡುವ ಬಿಂದುವಿಗೆ ಒಂದು ಬಣ್ಣ, ಅದನ್ನು ಹಿಡಿಯುವ ನರದ ತುದಿಗೆ ಇನ್ನೊಂದು ಬಣ್ಣ ಅಂಟುವಂತೆ ಮಾಡಿ, ಸೂಕ್ಷ್ಮದರ್ಶಕದಡಿ ಕೆಂಪು-ಹಸಿರು ಜೋಡಿಗಳನ್ನು ಒಂದೊಂದಾಗಿ ಎಣಿಸಿದರು. ಹೆಚ್ಚು ಪೆಟ್ಟು ಬಿದ್ದ ಭಾಗದಲ್ಲಿ ಅರ್ಧದಷ್ಟು ಜೋಡಿಗಳು ಇರಲೇ ಇಲ್ಲ. ಸದ್ದು ನಿಂತು ಒಂದು ದಿನ ಕಳೆಯುವುದರೊಳಗೆ ಹೋದ ಜೋಡಿಗಳು ಆಮೇಲೆ ಮರಳಿ ಬರಲಿಲ್ಲ. ಸಂಪರ್ಕ ಕಡಿದುಕೊಂಡ ನರಕೋಶಗಳೂ ಮುಂದಿನ ತಿಂಗಳುಗಳಲ್ಲಿ, ವರ್ಷಗಳಲ್ಲಿ ನಿಧಾನವಾಗಿ ಸತ್ತವು. ಈ ಎಣಿಕೆಯ ತಾಳ್ಮೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಎಲ್ಲರೂ ವಾಸಿಯಾಗಿದೆ ಎಂದು ಬಿಟ್ಟ ಜಾಗದಲ್ಲಿ ಕೂತು ಚುಕ್ಕಿ ಎಣಿಸಿದವರು ಇವರು.

ಹಾಗಾದರೆ ಪರೀಕ್ಷೆಯಲ್ಲಿ ಇದು ಏಕೆ ಸಿಕ್ಕಿಬೀಳುವುದಿಲ್ಲ? ನಿಮ್ಮ ಯಜಮಾನರನ್ನು ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ‘ಕುಂಯ್’ ಎಂದಾಗ ಗುಂಡಿ ಒತ್ತಿ ಎಂದಿರುತ್ತಾರೆ. ಆಡಿಯೋಗ್ರಾಮ್ ಎಂದರೆ ಅದೇ. ಅತಿ ಮೆಲ್ಲನೆಯ ಸದ್ದು ಎಲ್ಲಿಂದ ಕೇಳಲು ಶುರುವಾಗುತ್ತದೆ ಎಂಬುದನ್ನಷ್ಟೇ ಅದು ಅಳೆಯುತ್ತದೆ. ಅದಕ್ಕೆ ನರದ ಕೆಲವೇ ಎಳೆಗಳು ಸಾಕು. ಇದರ ಜೊತೆಗೆ ಇನ್ನೂ ಒಂದು ಸಂಗತಿ ಇದೆ. ಎಳೆಗಳಲ್ಲಿ ಬಗೆಗಳಿವೆ ಎಂದು ಲಿಬರ್‌ಮನ್ 1978ರಲ್ಲೇ ಬೆಕ್ಕುಗಳಲ್ಲಿ ತೋರಿಸಿದ್ದರು. ಕೆಲವು ಎಳೆಗಳು ಪಿಸುಮಾತಿಗೂ ಎಚ್ಚರಗೊಳ್ಳುತ್ತವೆ. ಕೆಲವು ಸದ್ದು ಜೋರಾದ ಮೇಲಷ್ಟೇ ಕೆಲಸಕ್ಕಿಳಿಯುತ್ತವೆ. ಗದ್ದಲದ ನಡುವೆ ಮಾತನ್ನು ಹೆಕ್ಕಿ ಕೊಡುವುದರಲ್ಲಿ ಈ ಎರಡನೆಯ ಬಗೆಯ ಪಾತ್ರ ದೊಡ್ಡದು ಎಂದು ಅವರ ತಂಡ ಭಾವಿಸುತ್ತದೆ. ಸದ್ದಿನ ಪೆಟ್ಟಿಗೆ ಮೊದಲು ಹೋಗುವವೂ ಇವೇ ಎಂದು 2013ರಲ್ಲಿ ಅದೇ ಪ್ರಯೋಗಾಲಯ ಪ್ರಾಣಿಗಳಲ್ಲಿ ಕಂಡಿತು. ಹಳೆಯ ಪತ್ರಿಕೆಗಳಲ್ಲಿ ಚಿತ್ರಗಳನ್ನು ಚುಕ್ಕಿಗಳಿಂದ ಮೂಡಿಸುತ್ತಿದ್ದರು. ಅರ್ಧ ಚುಕ್ಕಿ ಅಳಿಸಿದರೂ ಅಲ್ಲೊಂದು ಚಿತ್ರವಿದೆ ಎಂದು ತಿಳಿಯುತ್ತದೆ, ಆದರೆ ಯಾರ ಮುಖ ಎಂದು ತಿಳಿಯುವುದಿಲ್ಲ. ನಿಮ್ಮವರು ಹೇಳುವ ‘ಕೇಳುತ್ತೆ, ತಿಳಿಯಲ್ಲ’ ಎನ್ನುವ ಮಾತು ಇದಕ್ಕೆ ತೀರಾ ಹತ್ತಿರ.

ಇಲಿಯ ಮಾತು ಮನುಷ್ಯರಿಗೆ ಅನ್ವಯಿಸುತ್ತದೆಯೇ ಎಂದು ನೀವು ಕೇಳಿಯೇ ಕೇಳುತ್ತೀರಿ. ಮರಣಾನಂತರ ದಾನವಾಗಿ ಬಂದ ಮನುಷ್ಯರ ಕಿವಿಯ ಮೂಳೆಗಳನ್ನು ಲಿಬರ್‌ಮನ್ ತಂಡ ಇದೇ ರೀತಿ ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿತು. ಅರವತ್ತು ದಾಟಿದ 11 ಜನರಲ್ಲಿ 7 ಜನರಿಗೆ, ಎಳೆಯರ ಕಿವಿಗೆ ಹೋಲಿಸಿದರೆ, ನರದ ಎಳೆಗಳು 60%ಗಿಂತ ಹೆಚ್ಚು ನಷ್ಟವಾಗಿದ್ದವು. ಒಳಸಾಲಿನ ರೋಮಕೋಶಗಳ ನಷ್ಟ ಮಾತ್ರ 15% ದಾಟಿದ್ದೇ ಅಪರೂಪ. ಅಂದರೆ ವಯಸ್ಸಿನ ಜೊತೆ ಒಳಸಾಲಿನ ರೋಮಕೋಶಗಳಿಗಿಂತ ಬೇಗ ಕಡಿಯುವುದು ಈ ಎಳೆಗಳು.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಹೇಳಿದಂತಾದೀತು. ಕೋತಿಗಳಲ್ಲಿ ಇದೇ ಹಾನಿ ಮಾಡಲು ಇಲಿಗಳಿಗಿಂತ ಜೋರು ಸದ್ದು ಬೇಕಾಯಿತು. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ಸಂಶೋಧಕರು ಆಡಿಯೋಗ್ರಾಮ್ ಸರಿಯಿರುವ ತರುಣರನ್ನು ಪರೀಕ್ಷಿಸಿದಾಗ, ಹೆಚ್ಚು ಸದ್ದಿನಲ್ಲಿ ಬದುಕಿದವರಿಗೂ ಕಡಿಮೆ ಸದ್ದಿನಲ್ಲಿದ್ದವರಿಗೂ ಅಂಥ ವ್ಯತ್ಯಾಸ ಕಾಣಲಿಲ್ಲ. ಜೀವಂತ ಮನುಷ್ಯನ ಕಿವಿಯಲ್ಲಿ ಎಷ್ಟು ಸೈನಾಪ್ಸ್ ಹೋಗಿದೆ ಎಂದು ನಿಶ್ಚಿತವಾಗಿ ಹೇಳುವ, ಎಲ್ಲರೂ ಒಪ್ಪಿದ ಪರೀಕ್ಷೆ ಇನ್ನೂ ಇಲ್ಲ. ಆದ್ದರಿಂದ ನಿಮ್ಮ ಯಜಮಾನರಿಗೆ ಆಗಿರುವುದು ಇದೇ ಎಂದು ನಾನಾಗಲಿ ಬೇರೆ ಯಾರಾಗಲಿ ಖಚಿತವಾಗಿ ಹೇಳುವಂತಿಲ್ಲ. ಆದರೆ ‘ರಿಪೋರ್ಟ್ ನಾರ್ಮಲ್, ಹಾಗಾಗಿ ತೊಂದರೆ ಇಲ್ಲ’ ಎನ್ನುವ ವಾದ ನಿಲ್ಲುವುದಿಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ.

ಔಷಧದ ಮಾತು. ಕೋಳಿಮರಿಗಳಲ್ಲಿ ನಾಶವಾದ ರೋಮಕೋಶ ಮತ್ತೆ ಹುಟ್ಟುತ್ತದೆ ಎಂದು 1988ರಲ್ಲಿ ಗೊತ್ತಾದಾಗಿನಿಂದ ಆಸೆ ಬೆಳೆದಿದೆ. ಸದ್ದಿನ ಪೆಟ್ಟು ತಿಂದ ಇಲಿಗಳ ಕಿವಿಗೆ ನರವನ್ನು ಪೋಷಿಸುವ ಒಂದು ಪ್ರೋಟೀನ್ ಕೊಟ್ಟಾಗ ಸೈನಾಪ್ಸ್‌ಗಳು ಮರಳಿದ್ದೂ ಉಂಟು, 2016ರಲ್ಲಿ. ಮನುಷ್ಯರಲ್ಲಿ ಇದೇ ಹಾದಿಯಲ್ಲಿ ನಡೆದ ಎರಡು ಪ್ರಮುಖ ಪ್ರಯೋಗಗಳು, ಒಂದು 2022ರಲ್ಲಿ, ಇನ್ನೊಂದು 2023ರಲ್ಲಿ, ಫಲ ಕೊಡದೆ ನಿಂತವು. ಹುಟ್ಟಿನಿಂದಲೇ ಒಂದು ನಿರ್ದಿಷ್ಟ ಜೀನ್ ಕೆಟ್ಟು ಕಿವುಡಾದ ಮಕ್ಕಳಿಗೆ ಜೀನ್ ಚಿಕಿತ್ಸೆಯಿಂದ ಕಿವಿ ಬಂದಿರುವುದು ನಿಜ, ಅದು ಬೇರೆಯೇ ಕಾಯಿಲೆ. ಇವತ್ತು ಯಾರಾದರೂ ಕಿವಿಯ ನರ ಬೆಳೆಸುವ ಮಾತ್ರೆ, ತೈಲ ಎಂದು ಮಾರಿದರೆ ದಯವಿಟ್ಟು ಹಣ ಕೊಡಬೇಡಿ.

ಈಗ ಮಾಡಬಹುದಾದದ್ದು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ, ಅಥವಾ ನಿಮಗೆ ಹತ್ತಿರದ ಒಳ್ಳೆಯ ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಬಳಿ, ‘ಗದ್ದಲದ ನಡುವೆ ಮಾತು ತಿಳಿಯುವ ಪರೀಕ್ಷೆ ಮಾಡಿ’ ಎಂದು ಬಾಯಿಬಿಟ್ಟು ಕೇಳಿ. ಕನ್ನಡ ವಾಕ್ಯಗಳಲ್ಲೇ ಅಂಥ ಪರೀಕ್ಷೆ ಇದೆ. ಅದು ಸೈನಾಪ್ಸ್ ಎಣಿಸುವುದಿಲ್ಲ, ಆದರೆ ಅವರ ಕಷ್ಟವನ್ನು ಕಾಗದದ ಮೇಲೆ ತರುತ್ತದೆ. ಮನೆಯಲ್ಲಿ ಅವರ ಮಾತನ್ನು ನಂಬಲು ಅದೊಂದು ಕಾಗದ ಬೇಕೆನ್ನುವುದು ನನಗೆ ನೋವಿನ ಸಂಗತಿ, ಆದರೂ ಮಾಡಿಸಿ. ಸಾಮಾನ್ಯ ಕಿವಿ ಮಿಷನ್ ಸದ್ದನ್ನು ದೊಡ್ಡದು ಮಾಡುತ್ತದೆ, ಕಡಿದ ನರವನ್ನು ಜೋಡಿಸುವುದಿಲ್ಲ. ಮಾತಾಡುವವರ ಹತ್ತಿರ ಇಡುವ ಪುಟ್ಟ ಮೈಕ್ ಇರುವ ಮಿಷನ್‌ಗಳಿಂದ ಗದ್ದಲದಲ್ಲಿ ಹೆಚ್ಚು ಪ್ರಯೋಜನ. ಕೊಳ್ಳುವ ಮೊದಲು ಹಾಕಿಕೊಂಡು ನೋಡಲು ಬಿಡಿ ಎಂದು ಕೇಳಿ. ಮಾತಾಡುವಾಗ ಟಿವಿ ಆರಿಸಿ, ಅಡುಗೆಮನೆಯಿಂದ ಕೂಗುವ ಬದಲು ಎದುರಿಗೆ ಬಂದು ಮುಖ ಕಾಣುವಂತೆ ಹೇಳಿ. ಜೋರಾಗಿ ಅಲ್ಲ, ನಿಧಾನವಾಗಿ.

ಪತ್ರದ ಕೊನೆಗೆ ನೀವು ಹಾಗೇ ಬರೆದು ಬಿಟ್ಟ ಒಂದು ಸಾಲು ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದೆ. ‘ಮಗ ಗಣಪತಿ ಮೆರವಣಿಗೆಗೆ ಡಿಜೆ ಹಾಕುತ್ತಾನೆ. ಎರಡು ದಿನ ಕಿವಿ ಗುಂಯ್ ಅನ್ನುತ್ತೆ, ಆಮೇಲೆ ಸರಿಹೋಗುತ್ತೆ.’ ಆ ‘ಸರಿಹೋಗುತ್ತೆ’ ಎಂಬುದನ್ನೇ ಬೋಸ್ಟನ್ನಿನವರು ಪ್ರಶ್ನಿಸಿದ್ದು. ನಮ್ಮ ಕಾರ್ಖಾನೆ ನಿಯಮಗಳು ದಿನಕ್ಕೆ ಎಂಟು ಗಂಟೆಗೆ 90 ಡೆಸಿಬೆಲ್ ಎಂದು ಮಿತಿ ಹಾಕಿವೆ. ಇಂಥ ಮಿತಿಗಳು ರೂಪುಗೊಂಡದ್ದು ಆಡಿಯೋಗ್ರಾಮಿನಲ್ಲಿ ಉಳಿಯುವ ನಷ್ಟವನ್ನು ಲೆಕ್ಕ ಹಿಡಿದು. ಅದರಲ್ಲಿ ಕಾಣದ ನಷ್ಟ ಆ ಲೆಕ್ಕಕ್ಕೇ ಬಂದಿಲ್ಲ. ಡಿಜೆ ಪೆಟ್ಟಿಗೆಗಳ ಮುಂದಿನ ಸದ್ದು ಆ ಮಿತಿಯನ್ನು ಎಲ್ಲೋ ಹಿಂದೆ ಬಿಟ್ಟಿರುತ್ತದೆ. ಔಷಧದ ಅಂಗಡಿಯಲ್ಲಿ ಸಿಗುವ ಫೋಮಿನ ಇಯರ್‌ಪ್ಲಗ್ಗನ್ನು ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆಳೆದು ಒಳಗೆ ತೂರಿಸಿ, ಅದು ಉಬ್ಬುವವರೆಗೆ ಒತ್ತಿ ಹಿಡಿಯಬೇಕು. ಸುಮ್ಮನೆ ಕಿವಿಯ ಬಾಯಿಗೆ ಸಿಕ್ಕಿಸಿಕೊಂಡರೆ ಪ್ರಯೋಜನವಿಲ್ಲ. ಮುಂದಿನ ಮೆರವಣಿಗೆಗೆ ಹೋಗುವ ಮುಂಚೆ ಈ ಪುಟವನ್ನು ಅವನ ಕೈಗೆ ಕೊಡಿ. ಯಜಮಾನರ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ನಮಗೊಂದು ಸಾಲು ಬರೆಯಿರಿ.

– ಸಂಪಾದಕ